ಕೋಲು ಮುಖ, ಗೋಧಿ ಬಣ್ಣ

ನಮ್ಮ ಪೊಲೀಸ್ ಠಾಣೆಯಲ್ಲಿ ದೂರು ದಾಖಲೆ ಬರೆಯುವ ರೈಟರು ಹತ್ತೊಂಬತ್ತು ವರ್ಷಗಳಲ್ಲಿ ಕಾಣೆಯಾದ ಹೆಂಗಸರ ಬಗ್ಗೆ ನೂರಾರು ಪ್ರಕಟಣೆ ಬರೆದಿದ್ದರು. ಅಷ್ಟೂ ಹೆಂಗಸರಿಗೆ ಒಂದೇ ಮುಖ: ಕೋಲು ಮುಖ. ಬಣ್ಣವೂ ಒಂದೇ: ಗೋಧಿ. ಮೈಕಟ್ಟು ಸಾಧಾರಣ. ಆ ದಾಖಲೆಗಳನ್ನು ಓದಿದ ಯಾರಿಗಾದರೂ ದುಂಡು ಮುಖದ ಹೆಂಗಸರು ಮನೆ ಬಿಟ್ಟು ಹೋಗುವುದೇ ಇಲ್ಲವೇನೋ ಎನ್ನಿಸಬೇಕು. ಇದರಲ್ಲಿ ರೈಟರ ತಪ್ಪೇನೂ ಇರಲಿಲ್ಲ. ದೂರು ಕೊಡಲು ಬಂದ ಗಂಡಂದಿರನ್ನು ಅವರು ಕ್ರಮವಾಗಿಯೇ ಕೇಳುತ್ತಿದ್ದರು.

"ಮುಖ ಕೋಲೋ, ದುಂಡೋ?"

"ಹೂಂ ಸಾರ್."

"ಹೂಂ ಅಂದ್ರೆ? ಕೋಲಾ, ದುಂಡಾ?"

ಗಂಡನಾದವನು ಸೂರು ನೋಡುತ್ತಿದ್ದ, ನೆಲ ನೋಡುತ್ತಿದ್ದ, ಕೊನೆಗೆ ರೈಟರ ಮುಖವನ್ನೇ ನೋಡಿ ಏನಾದರೂ ನೆನಪಾಗುತ್ತದೋ ಎಂದು ಪ್ರಯತ್ನಿಸುತ್ತಿದ್ದ. "ಮುಖ ಅಂದ್ರೆ... ಇರೋ ಹಾಗೇ ಇದೆ ಸಾರ್. ಮದುವೆ ಆದಾಗಿಂದ ಅದೇ."

ರೈಟರು 'ಕೋಲು ಮುಖ' ಎಂದು ಬರೆದುಕೊಳ್ಳುತ್ತಿದ್ದರು.

ಇಂಥ ರೈಟರು ಎರಡು ವರ್ಷಗಳಿಂದ, ಯಾರಿಗೂ ಸುಳಿವು ಕೊಡದೆ, ಶೃಂಗಾರ ಕತೆಗಳನ್ನು ಬರೆಯುತ್ತಿದ್ದರು. ಅವು ಅಚ್ಚಾಗುತ್ತಿದ್ದದ್ದು ನಾಲ್ಕೂ ಬದಿಗೆ ಪಿನ್ ಹೊಡೆದು ಮಾರುವ ಒಂದು ಮಾಸಪತ್ರಿಕೆಯಲ್ಲಿ. ಅಂಗಡಿಯಲ್ಲಿ ಅದನ್ನು ಅಡುಗೆ ಪುಸ್ತಕಗಳ ಹಿಂದೆ ತೂಗುಹಾಕಿರುತ್ತಿದ್ದರು. ಬೇಕಾದವರು ಬಂದು ಉಪ್ಪಿನಕಾಯಿ ಪುಸ್ತಕದ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಬೇಕು, ಅಂಗಡಿಯವನು ಮಾತಿಲ್ಲದೆ ಸುತ್ತಿ ಕೊಡಬೇಕು. ಅಲ್ಲಿ ರೈಟರ ಹೆಸರು 'ಅನುಭವಿ'. ಅನುಭವ ಎಷ್ಟಿತ್ತು ಎಂದು ಯಾರೂ ಕೇಳಿರಲಿಲ್ಲ. ಕೇಳದಂತೆ ರೈಟರು ನೋಡಿಕೊಂಡಿದ್ದರು. ಅವರ ಕತೆಗಳಲ್ಲಿ ಬಾಗಿಲು ಹಾಕಿದ ಮರುಕ್ಷಣ, ಅಂದರೆ ಎರಡನೇ ಪ್ಯಾರಾದಲ್ಲಿ, ಕರೆಂಟು ಹೋಗುತ್ತಿತ್ತು. ಆಮೇಲೆ ಆರು ಪುಟ ಕತ್ತಲು. ಕತ್ತಲಲ್ಲಿ ಮೂಗು ಕಣ್ಣು ವರ್ಣಿಸುವ ಗೋಜಿಲ್ಲ ಎಂಬುದು ಅವರ ಕಾವ್ಯಮೀಮಾಂಸೆ.

ಈ ಮೀಮಾಂಸೆಗೆ ಪೆಟ್ಟು ಬಿದ್ದದ್ದು ಓದುಗರ ಕಡೆಯಿಂದ. ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೂತಿದ್ದ ಸಂಪಾದಕರು ಒಂದು ಶನಿವಾರ ಕಾಗದದ ಕಂತೆಯನ್ನು ರೈಟರ ಮುಂದೆ ತಳ್ಳಿದರು.

"ಓದಿ ಸ್ವಾಮಿ. ನಿಮಗೇ ಬಂದಿರೋದು."

ಮೊದಲನೆಯದು ಹೀಗಿತ್ತು: 'ಅನುಭವಿಯವರ ಪ್ರತಿ ಕತೆಯಲ್ಲೂ ಎರಡನೇ ಪ್ಯಾರಾಕ್ಕೆ ಕರೆಂಟು ಹೋಗುತ್ತದೆ. ನಾನು ಅದೇ ಇಲಾಖೆಯಲ್ಲಿ ಇಂಜಿನಿಯರ್. ಅಷ್ಟು ಸಲ ಹೋಗುವುದಿಲ್ಲ. ದಯವಿಟ್ಟು ದೀಪ ಹಾಕಿ.'

ಎರಡನೆಯದು: 'ನಾಯಕಿಯ ಕೂದಲು ಎಷ್ಟುದ್ದ ಎಂದು ನೀವು ಹೇಳದ ಕಾರಣ ನಾನೇ ಸೊಂಟದವರೆಗೆ ಇಟ್ಟುಕೊಂಡು ಓದುತ್ತಿದ್ದೆ. ನಾಲ್ಕನೇ ಪುಟದಲ್ಲಿ ಆಕೆ ಕತ್ತಿನವರೆಗೆ ಕತ್ತರಿಸಿದ ಕೂದಲನ್ನು ಕೊಡವಿದಳು ಎಂದಿದ್ದೀರಿ. ಮೂರು ಪುಟ ಬೇರೆ ಯಾರ ಜೊತೆಗೋ ಇದ್ದ ಹಾಗಾಯಿತು. ನಾನು ಸಂಸಾರಸ್ಥ.'

ಮೂರನೆಯದು ಮಾತ್ರ ಬೇರೆ ಧಾಟಿಯಲ್ಲಿತ್ತು: 'ಏನನ್ನೂ ವರ್ಣಿಸಬೇಡಿ. ನನ್ನ ಮನಸ್ಸಿನಲ್ಲಿ ಒಬ್ಬರಿದ್ದಾರೆ, ನಮ್ಮ ಮನೆ ಮಾಲೀಕರ ಸೊಸೆ. ನೀವು ಬಣ್ಣ ಹೇಳಿದರೆ ಎಲ್ಲಾ ಕೆಟ್ಟುಹೋಗುತ್ತದೆ.'

"ಇವರು ಬೇಡ ಅಂತಾರಲ್ಲ," ಎಂದರು ರೈಟರು ಆಸೆಯಿಂದ.

"ಅಂಥವರು ಒಂದು ಹಿಡಿ. ಬೇಕು ಅನ್ನೋರು ಒಂದು ಚೀಲ," ಎಂದರು ಸಂಪಾದಕರು. "ಈ ತಿಂಗಳು ತಲೆಯಿಂದ ಪಾದದವರೆಗೆ ಬರೀಬೇಕು. ಒಂದೂ ಬಿಡಬಾರದು. ಆಗಲ್ಲ ಅಂದ್ರೆ ಹೇಳಿ, ನಿಮ್ಮ ಪುಟಕ್ಕೆ ತಲೆಹೊಟ್ಟಿನ ಎಣ್ಣೆ ಜಾಹೀರಾತು ಹಾಕ್ತೀನಿ. ಅದರಲ್ಲಿ ಹೆಂಗಸಿನ ಫೋಟೋನೇ ಇದೆ."

ರೈಟರು ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತರು. ಎದುರಿಗೆ ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಗಂಡ ರಜೆಯ ದಿನವೂ ಠಾಣೆಯ ಬಾಕಿ ಕೆಲಸ ಮಾಡುತ್ತಾರೆ ಎಂಬುದು ಆಕೆಯ ತಿಳಿವಳಿಕೆ. ಹಾಗೆಂದು ರೈಟರ ತಿಳಿವಳಿಕೆ.

'ಚಂದ್ರನಂಥ ಮುಖ' ಎಂದು ಬರೆದರು. ಚಂದ್ರ ದುಂಡಗಿದ್ದಾನೆ; ದುಂಡು ಮುಖದಲ್ಲಿ ಅವರಿಗೆ ಅಭ್ಯಾಸವಿರಲಿಲ್ಲ. ಹೊಡೆದು ಹಾಕಿದರು. 'ತಾವರೆ ಎಸಳಿನಂಥ ಕಣ್ಣು' ಎಂದು ಬರೆದರು. ಎಸಳನ್ನು ಅಡ್ಡ ಇಡಬೇಕೋ ಉದ್ದ ಇಡಬೇಕೋ ತಿಳಿಯಲಿಲ್ಲ. ಅದನ್ನೂ ಹೊಡೆದರು. ಪೆನ್ನಿನ ಹಿಂಭಾಗ ಕಚ್ಚುತ್ತಾ ಕಣ್ಣು ಎಲ್ಲೋ ಇಟ್ಟು ಕೂತರು. ಆಮೇಲೆ ಕೈ ತಾನಾಗಿಯೇ ಓಡಿತು.

'ಪ್ರಾಯ ಸುಮಾರು ಮೂವತ್ತೊಂದು ವರ್ಷ. ಎತ್ತರ ಐದು ಅಡಿ ಎರಡು ಇಂಚು. ಕೋಲು ಮುಖ, ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಸಣ್ಣ ಕಲೆ. ಬಲ ಮೊಣಕೈ ಕೆಳಗೆ ಅಕ್ಕಪಕ್ಕ ಎರಡು ಮಚ್ಚೆ. ಹಸಿರು ಬಣ್ಣದ ಉಡುಪು, ಕಂದು ಚಪ್ಪಲಿ, ಎಡಗಾಲಿನ ಪಟ್ಟಿ ಹೊಲಿದದ್ದು.'

ಇಷ್ಟಾದ ಮೇಲೆ ತಡೆಯುವವರಿರಲಿಲ್ಲ. 'ಸದರಿ ಹಸಿರು ಉಡುಪನ್ನೂ, ತದನಂತರ ಕ್ರಮವಾಗಿ ಉಳಿದ ನಾಲ್ಕು ವಸ್ತುಗಳನ್ನೂ ಆತನು ತನ್ನ ವಶಕ್ಕೆ ಪಡೆದನು.' ಮುಂದಿನ ಆರು ಪುಟಗಳ ಬಗ್ಗೆ ಇಲ್ಲಿ ಹೇಳುವಂತಿಲ್ಲ. ಓದಿದವರನ್ನು ಕೇಳೋಣವೆಂದರೆ ಯಾರೂ ಓದಿಲ್ಲ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೈಟರು ದಣಿದಿದ್ದರು, ಕೈ ಮಾತ್ರ ದಣಿದಿರಲಿಲ್ಲ. ಹತ್ತೊಂಬತ್ತು ವರ್ಷ ಪ್ರತಿ ಚಹರೆಯ ಕೆಳಗೆ ಏನು ಬರೆದಿತ್ತೋ ಅದನ್ನೇ ಈಗಲೂ ಬರೆಯಿತು: 'ಮೇಲ್ಕಂಡ ಚಹರೆಯ ಮಹಿಳೆಯ ಸುಳಿವು ಸಿಕ್ಕವರು ಕೂಡಲೇ ತಿಳಿಸುವುದು.' ಅದರ ಮುಂದೆ ಠಾಣೆಯ ಫೋನ್ ನಂಬರು.

ಸಂಪಾದಕರು ಓದಿ ತಲೆದೂಗಿದರು. "ಮುಕ್ತಾಯ ಹೊಸ ಥರ ಇದೆ. ಓದೋನನ್ನ ಒಳಗೇ ಎಳ್ಕೊಳ್ಳತ್ತೆ," ಎಂದರು. ನಂಬರನ್ನು ದಪ್ಪಕ್ಷರದಲ್ಲಿ ಹಾಕಿಸಿದರು.

ಪತ್ರಿಕೆ ಒಂದನೇ ತಾರೀಕು ಬಂತು. ಎರಡನೇ ತಾರೀಕು ಬೆಳಗ್ಗೆ ಹನ್ನೊಂದಕ್ಕೆ ಠಾಣೆಯ ಫೋನು ಹೊಡೆದುಕೊಂಡಿತು. ಇನ್‌ಸ್ಪೆಕ್ಟರ್ ಸಾಹೇಬರೇ ಎತ್ತಿದರು.

"ಸಾರ್, ಆಯಮ್ಮ ಸಿಕ್ಕಿದಾರೆ."

"ಯಾವ ಆಯಮ್ಮ?"

"ಅದೇ ಸಾರ್, ಕೋಲು ಮುಖ, ಹಸಿರು ಬಟ್ಟೆ. ಬ್ಯಾಂಕಲ್ಲಿ ಮೂರನೇ ಕೌಂಟರ್‌ನಲ್ಲಿ ಕೂತಿದಾರೆ. ನಾನು ಬೆಳಗ್ಗೆಯಿಂದ ಎದುರಿಗೇ ಇದೀನಿ."

"ಪ್ರಕಟಣೆ ಎಲ್ಲಿ ನೋಡಿದ್ರಿ?"

"ಅದು... ಪೇಪರಲ್ಲಿ."

"ಯಾವ ಪೇಪರ್?"

ಫೋನು ಕಟ್ಟಾಯಿತು.

ಸಂಜೆಯೊಳಗೆ ಹನ್ನೊಂದು ಕರೆ ಬಂದವು. ಆಕೆ ಬ್ಯಾಂಕಿನಲ್ಲಿದ್ದಳು, ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಿದ್ದಳು, ಏಕಕಾಲಕ್ಕೆ ಎರಡು ಬಸ್ಸುಗಳಲ್ಲಿ ಹೋಗುತ್ತಿದ್ದಳು, ಒಬ್ಬರ ಎದುರು ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಹನ್ನೊಂದು ಜನರಿಗೂ ಚಹರೆ ಬಾಯಿಪಾಠವಾಗಿತ್ತು. ಎಲ್ಲಿ ಓದಿದಿರಿ ಎಂದ ಕೂಡಲೇ ಹನ್ನೊಂದು ಜನರಿಗೂ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಸಾಹೇಬರು ಅಪರಾಧಕ್ಕೆ ಹೆದರುವವರಲ್ಲ. ದಾಖಲಾಗದ ಅಪರಾಧಕ್ಕೆ ಹೆದರುವವರು. "ಏನಯ್ಯಾ ರೈಟರ್, ಊರೆಲ್ಲಾ ಹುಡುಕ್ತಿರೋ ಹೆಂಗಸು ನಮ್ಮ ಪುಸ್ತಕದಲ್ಲೇ ಇಲ್ಲವಲ್ಲಯ್ಯಾ! ಬರಿ, ಬರಿ ಮೊದಲು!"

ರೈಟರು ಬೆವರು ಒರೆಸಿಕೊಂಡು, ತಾವೇ ಹುಟ್ಟಿಸಿದ ಹೆಂಗಸನ್ನು ಕಾಣೆಯಾದವರ ಪುಸ್ತಕದಲ್ಲಿ ದಾಖಲು ಮಾಡಿದರು. ಹೀಗೆ ಆಕೆ ಸರ್ಕಾರಿಯಾದಳು.

ಮೂರನೇ ದಿನ ಒಬ್ಬ ನಿವೃತ್ತ ಹೆಡ್‌ಮಾಸ್ತರು ಕೊಡೆ ಹಿಡಿದು ಖುದ್ದಾಗಿ ಬಂದರು. ಠಾಣೆಯ ಮಹಿಳಾ ಪೇದೆ ಅವರಿಗೆ ಕುರ್ಚಿ ಹಾಕಿದಳು.

"ನಮ್ಮ ಎದುರು ಮಹಡಿಗೆ ಹೊಸದಾಗಿ ಬಂದಿದಾಳಮ್ಮ. ಟೈಪಿಂಗ್ ಹೇಳಿಕೊಡ್ತಾಳೆ," ಎಂದರು ಮೇಷ್ಟ್ರು, ದನಿ ತಗ್ಗಿಸಿ. "ಎಲ್ಲಾ ಸರಿಹೋಗತ್ತೆ. ಮೊಣಕೈ ಮಚ್ಚೆ ಒಂದು ನೋಡಕ್ಕಾಗಿಲ್ಲ. ಯಾವಾಗಲೂ ತುಂಬು ತೋಳು ಹಾಕ್ತಾಳೆ. ಮೂರು ತಿಂಗಳಿಂದ ಗಮನಿಸ್ತಾ ಇದೀನಿ."

"ಪ್ರಕಟಣೆ ಬಂದು ಮೂರು ದಿನ ಆಯ್ತಷ್ಟೆ ಮೇಷ್ಟ್ರೇ."

ಮೇಷ್ಟ್ರು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿದರು.

"ಎಲ್ಲಿ ಓದಿದ್ರಿ ಅದನ್ನ?"

"ಗೋಡೆ ಮೇಲೆ ಅಂಟಿಸಿದ್ರು."

"ಯಾವ ಗೋಡೆ?"

"ಒಳಗಡೆ ಗೋಡೆ," ಎಂದು ಹೇಳಿ ಮೇಷ್ಟ್ರು ಎದ್ದೇಬಿಟ್ಟರು.

ವಾರ ಮುಗಿಯುವ ಹೊತ್ತಿಗೆ ನಲವತ್ತೊಂದು ಸುಳಿವು ಬಂದಿದ್ದವು. ಮಹಿಳಾ ಪೇದೆ ಒಂದೊಂದನ್ನೂ ಕಾಲ್ನಡಿಗೆಯಲ್ಲಿ ಪರಿಶೀಲಿಸಿ ಬಂದು, ಪಟ್ಟಿಯನ್ನು ರೈಟರ ಮೇಜಿನ ಮೇಲೆ ಕುಕ್ಕಿದಳು.

"ಅಣ್ಣಾ, ನಲವತ್ತೊಂದು ಹೆಂಗಸರು. ಹತ್ತೊಂಬತ್ತು ವರ್ಷದಿಂದ ಅರವತ್ತನಾಲ್ಕು ವರ್ಷದವರೆಗೆ. ಒಬ್ಬರು ನನ್ನ ಭುಜಕ್ಕೆ ಬರ್ತಾರೆ, ಇನ್ನೊಬ್ಬರು ಬಾಗಿಲಲ್ಲಿ ಬಗ್ಗಿ ಬರ್ತಾರೆ. ಕೋಲು ಮುಖ ಅಂತೆ! ಒಬ್ಬರ ಮುಖ ಡಬ್ಬಿ ಮುಚ್ಚಳದ ಹಾಗೆ ದುಂಡಗಿದೆ. ಈ ಗಂಡಸರೆಲ್ಲಾ ಹೊಸಬರನ್ನ ಹುಡುಕಿದ್ದಲ್ಲಣ್ಣಾ, ದಿನಾ ನೋಡ್ತಿದ್ದೋರನ್ನೇ ಕಳಿಸಿಕೊಟ್ಟಿದಾರೆ."

"ಹೆಂಗಸರು ಏನಂದ್ರು?"

"ಉಗಿದು ಕಳಿಸಿದ್ರು. ಒಬ್ಬರು ಮಾತ್ರ 'ಯಾರು ಹೇಳಿದ್ದು?' ಅಂತ ಎರಡು ಸಲ ಕೇಳಿ, ಒಳಗೆ ಹೋಗಿ ತಲೆ ಬಾಚ್ಕೊಂಡು ಬಂದ್ರು."

"ಇದರಲ್ಲಿ ನಲವತ್ತೊಂದನೇದು ಖಾಲಿ ಇದೆಯಲ್ಲ?"

"ಅದು ನಾನು," ಎಂದಳು ಪೇದೆ. "'ಖಾಕಿ ಹಾಕ್ಕೊಂಡು ವೇಷ ಮರೆಸಿ ಬೀದಿಬೀದಿ ಸುತ್ತಾ ಇದಾಳೆ' ಅಂತ ನಿನ್ನೆ ಯಾರೋ ಫೋನ್ ಮಾಡಿದ್ದ."

ಅಷ್ಟರಲ್ಲಿ ಒಳಗೆ ಸಾಹೇಬರ ಫೋನು ಕೂಗಿತು. ಮೇಲಿನ ಕಚೇರಿಯ ದೊಡ್ಡ ಸಾಹೇಬರು. ನಮ್ಮ ಸಾಹೇಬರು ಎದ್ದು ನಿಂತು ಮಾತಾಡಿದರು. ರೈಟರು ಬಾಗಿಲಲ್ಲಿ ನಿಂತು ಒಂದೇ ಬದಿಯ ಮಾತು ಕೇಳಿಸಿಕೊಂಡರು.

"ಹೌದು ಸಾರ್... ಹುಡುಕ್ತಾ ಇದೀವಿ ಸಾರ್... ಎಡ ಮಗ್ಗುಲಲ್ಲೇ ಮಲಗ್ತಾರಾ ಸಾರ್? ಬರ್ಕೊಂಡೆ ಸಾರ್... ಕುತ್ತಿಗೆ ಹತ್ರ ಊದಿದ್ರೆ ನಗ್ತಾರಾ? ಸರಿ ಸಾರ್... ಸೋಮವಾರ ಸಾರ್."

ಫೋನು ಇಟ್ಟು, ಸಾಹೇಬರು ಭಕ್ತಿಯಿಂದ ಉಸಿರು ಬಿಟ್ಟರು. "ಮೇಲಿನವರ ಬೇಹುಗಾರಿಕೆ ನೋಡಯ್ಯಾ! ನಮಗೆ ಗೊತ್ತಿಲ್ಲದ್ದೆಲ್ಲಾ ಅವರಿಗೆ ಗೊತ್ತಿದೆ!" ಆಮೇಲೆ ದನಿ ಬದಲಾಯಿತು. "ರೈಟರ್, ಇಲ್ಲಿ ಬಾ. ಫೋನ್ ಮಾಡಿದೋರೆಲ್ಲಾ 'ಸದರಿ' ಅಂತಾರೆ. 'ಮೇಲ್ಕಂಡ' ಅಂತಾರೆ. ನಂಬರ್ ನಮ್ಮದು. ಒಕ್ಕಣೆ ನಿನ್ನದು. ಅಪ್ಪಣೆ ಮಾತ್ರ ನನ್ನದಲ್ಲ. ಸೋಮವಾರದೊಳಗೆ ಆ ಹೆಂಗಸನ್ನ ತಂದು ನಿಲ್ಲಿಸು. ಇಲ್ಲಾ, ಅದನ್ನ ಬರೆದೋನನ್ನ ತಂದು ನಿಲ್ಲಿಸು. ಬರೆದೋನು ಸಿಕ್ಕಿದ್ರೆ ಅವನ ಮೈಮೇಲೆ ಖಾಕಿ ಇರಲ್ಲ, ತಿಳೀತಾ?"

ರೈಟರಿಗೆ ಚೆನ್ನಾಗಿಯೇ ತಿಳಿಯಿತು. ಹತ್ತೊಂಬತ್ತು ವರ್ಷದ ಕೆಲಸ ಎರಡು ದಿನದ ಮೇಲೆ ನಿಂತಿತ್ತು. ಪ್ರೆಸ್ಸಿಗೆ ಓಡಿದರು. ಉಳಿದ ಪ್ರತಿಗಳನ್ನೆಲ್ಲಾ ವಾಪಸು ತರಿಸಿ ಎಂದು ಕೈಮುಗಿದರು.

"ಉಳಿದ ಪ್ರತಿ?" ಎಂದು ಸಂಪಾದಕರು ನಕ್ಕರು. "ಎರಡನೇ ಮುದ್ರಣ ನಡೀತಾ ಇದೆ ಸ್ವಾಮಿ. ನಾನು ಹೇಳಿರಲಿಲ್ಲವಾ? ಜನಕ್ಕೆ ವರ್ಣನೆ ಬೇಕು. ಮನೆ ಮಾಲೀಕರ ಸೊಸೆಯವರು ಕೂಡ ಕಾಗದ ಬರೆದಿದಾರೆ, 'ಒಂದೊಂದೂ ಸರಿಹೋಯ್ತು' ಅಂತ."

"ಸೊಸೆಯವರಾ?"

"ಅಲ್ಲ ಅಲ್ಲ, ಆ ಸೊಸೆಯನ್ನ ಇಟ್ಟುಕೊಂಡು ಓದ್ತಿದ್ದೋರು."

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ಯಾರೋ ಹೆಂಗಸು ಕಾಣೆಯಾಗಿದಾಳಂತಲ್ಲ. ಬೀದಿಯಲ್ಲಿ ಗಂಡಸರೆಲ್ಲಾ ತಲೆ ಎತ್ಕೊಂಡು ಓಡಾಡ್ತಿದಾರೆ. ಹೇಗಿದಾಳಂತೆ?"

"ಕೋಲು ಮುಖ, ಗೋಧಿ ಬಣ್ಣ," ಎಂದರು ರೈಟರು, ತಟ್ಟೆಯಿಂದ ತಲೆ ಎತ್ತದೆ.

"ಅಷ್ಟೇನಾ?"

"ಅಷ್ಟೇ."

ಹೆಂಡತಿ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಸೌಟು ಸ್ವಲ್ಪ ಜೋರಾಗಿ ತಾಗಿತು. ಅದು ರೈಟರ ಗಮನಕ್ಕೆ ಬರಲಿಲ್ಲ. ಬಂದಿದ್ದರೆ ಸೋಮವಾರಕ್ಕೆ ಸ್ವಲ್ಪ ಸಿದ್ಧವಾಗಿರುತ್ತಿದ್ದರು.

ಸೋಮವಾರ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದದ್ದು ಆಕೆಯೇ. ಹಸಿರು ಉಡುಪು, ತೋಳಿಗೆ ಒಂದು ಕೈಚೀಲ. ನೇರವಾಗಿ ಸಾಹೇಬರ ಮುಂದೆ ಹೋಗಿ ಕೂತಳು.

"ಬನ್ನಿ ಅಮ್ಮಾ, ರೈಟರಿಗೆ ಊಟ ತಂದ್ರಾ?" ಎಂದರು ಸಾಹೇಬರು. ಎಂಟು ವರ್ಷದಿಂದ ಆಕೆಯನ್ನು ಬಲ್ಲವರು.

"ಇಲ್ಲ ಸಾರ್. ನಾನು ಸಿಕ್ಕಿದೀನಿ."

"ಏನು ಸಿಕ್ತು?"

"ನೀವು ಹುಡುಕ್ತಿದೀರಲ್ಲ ಒಬ್ಬ ಹೆಂಗಸನ್ನ. ಅದು ನಾನು. ಹೋಲಿಸಿ ನೋಡಿ."

ಸಾಹೇಬರು ನಕ್ಕರು. ಆಕೆ ನಗಲಿಲ್ಲ. ಎಡ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದಳು: ಕಲೆ. ಬಲ ತೋಳು ಮಡಿಸಿ ತೋರಿಸಿದಳು: ಅಕ್ಕಪಕ್ಕ ಎರಡು ಮಚ್ಚೆ. ಎಡಗಾಲನ್ನು ಮುಂದೆ ಚಾಚಿದಳು: ಹೊಲಿದ ಪಟ್ಟಿ. ಸಾಹೇಬರು ಪುಸ್ತಕ ನೋಡಿದರು, ಆಕೆಯನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು. ಬಾಗಿಲ ಬಳಿ ನಿಂತಿದ್ದ ರೈಟರು ಕೂಡ ನೋಡಿದರು. ಆ ಭಾನುವಾರ ಪೆನ್ನು ಕಚ್ಚುತ್ತಾ ಕಣ್ಣು ಎಲ್ಲಿ ಇಟ್ಟುಕೊಂಡಿದ್ದರೆಂದು ಅವರಿಗೆ ಈಗ ಗೊತ್ತಾಯಿತು.

"ಹತ್ತು ದಿನದಿಂದ ಇದೇ ಚಪ್ಪಲಿ ಹಾಕ್ಕೊಂಡು ಇದೇ ಬೀದಿಯಲ್ಲಿ ಮೂರು ಮೂರು ಸಲ ಓಡಾಡಿದೀನಿ ಸಾರ್," ಎಂದಳು ಆಕೆ. "ನಲವತ್ತೊಂದು ಹೆಂಗಸರನ್ನ ಗುರುತು ಹಿಡಿದ್ರಂತೆ. ನನ್ನ ಬಗ್ಗೆ ಒಬ್ಬನೂ ಫೋನ್ ಮಾಡಲಿಲ್ಲ."

ಸಾಹೇಬರಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ಹೆಂಗಸು ಸಿಕ್ಕಿದ್ದಳು, ದಿನ ಸೋಮವಾರವಾಗಿತ್ತು, ಅಷ್ಟು ಸಾಕಾಗಿತ್ತು. "ಬರ್ಕೋ ರೈಟರ್! ಪತ್ತೆ! ಅಮ್ಮಾ, ಇಷ್ಟು ದಿನ ಎಲ್ಲಿದ್ರಿ?"

"ಮನೇಲಿ."

"ಯಾರ ಮನೇಲಿ?"

"ಇವರ ಮನೇಲಿ. ಇಪ್ಪತ್ತೆರಡು ವರ್ಷದಿಂದ."

ರೈಟರು ಬರೆದುಕೊಂಡರು.

"ಪ್ರಾಯ ಮೂವತ್ತೊಂದು ಅಂತಿದೆ. ನಲವತ್ತನಾಲ್ಕು ಮಾಡ್ರೀ," ಎಂದು ಆಕೆ ಗಂಡನ ಕಡೆ ತಿರುಗಿದಳು. "ಅದು ಪರವಾಗಿಲ್ಲ, ಅದಕ್ಕೆ ನನಗೇನೂ ಬೇಜಾರಿಲ್ಲ. ಬೇಜಾರು ಬೇರೆ." ಕೈಚೀಲದಿಂದ ಪಿನ್ ಬಿಚ್ಚಿದ ಪತ್ರಿಕೆಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಎರಡು ವರ್ಷದಿಂದ ಓದ್ತಿದೀನಿ. ಇವರು ಬರೆಯೋದು ಠಾಣೆ ಕೆಲಸ ಅಲ್ಲ ಅಂತ ಮೊದಲನೇ ವಾರವೇ ಗೊತ್ತಾಯ್ತು. ಠಾಣೆ ಕೆಲಸ ಬರೀವಾಗ ಯಾರೂ ಕಿವಿ ಕೆಂಪು ಮಾಡ್ಕೊಳ್ಳಲ್ಲ."

ಸಾಹೇಬರು ಮುಖಪುಟದ ಮೇಲೆ ಕೈ ಹಾಕಿ, "ಓ, ಎರಡನೇ ಮುದ್ರಣ ಬಂತಾ? ರಕ್ಷಾಪುಟ ಬದಲಾಯಿಸಿ..." ಎಂದವರು ಅಲ್ಲಿಗೇ ನಿಲ್ಲಿಸಿ, ನಾಲ್ಕು ಸಲ ಕೆಮ್ಮಿದರು. ಬಾಗಿಲಾಚೆ ಮಹಿಳಾ ಪೇದೆಯೂ ಕೆಮ್ಮಿದಳು. ಆ ಕ್ಷಣದಲ್ಲಿ ರೈಟರ ಖಾಕಿ ಉಳಿಯಿತು. ತಾನು ಎಲ್ಲಿ ಓದಿದೆ ಎಂದು ಹೇಳದೆ ಬರೆದವನನ್ನು ಮನೆಗೆ ಕಳಿಸುವ ವಿಧಾನ ಇಲಾಖೆಯಲ್ಲಿ ಇನ್ನೂ ಬಂದಿಲ್ಲ.

"ಅಮ್ಮಾ, ಅದೆಲ್ಲಾ ಬಿಡಿ, ಸಹಿ ಹಾಕಿ," ಎಂದರು ಸಾಹೇಬರು.

"ಹಾಕಲ್ಲ. 'ಸಾಧಾರಣ ಮೈಕಟ್ಟು' ಅಂತಿದೆ." ಆಕೆ ಪುಟದ ಮೇಲೆ ಬೆರಳು ಕುಟ್ಟಿದಳು. "ರೀ, ಇಲ್ಲಿ ನೋಡಿ. ಆರು ಪುಟ. ಆರು ಪುಟದಲ್ಲಿ ನನ್ನ ಕೈಲಿ ಏನೇನು ಮಾಡಿಸಿದೀರ! ಸಾಧಾರಣ ಮೈಕಟ್ಟಿನೋರು ಇಷ್ಟೆಲ್ಲಾ ಮಾಡಿದ್ರೆ ಮಾರನೇ ದಿನ ಏಳ್ತಾರೇನ್ರೀ? ಹೊಡೀರಿ ಅದನ್ನ."

ರೈಟರು ಹೊಡೆದರು. "ಏನು ಬರೀಲಿ?" ಎಂದು ಕೇಳಿದರು, ಮೆಲ್ಲಗೆ.

"ನೋಡಿ ಬರೀರಿ."

ರೈಟರು ನೋಡಿದರು. ಬಹಳ ಹೊತ್ತು ನೋಡಿದರು. ಸಾಹೇಬರು ಗಡಿಯಾರ ನೋಡಿದರು. ಕೊನೆಗೆ ರೈಟರು ಏನೋ ಬರೆದು ಆಕೆಯ ಕಡೆಗೆ ತಿರುಗಿಸಿದರು. ಆಕೆ ಓದಿ, ತುಟಿ ಕಚ್ಚಿಕೊಂಡು, ಸಹಿ ಹಾಕಿದಳು. ಆ ಪುಟವನ್ನು ಸಾಹೇಬರು ಇಣುಕಿ ನೋಡಲು ಹೋದಾಗ ಪುಸ್ತಕ ಮುಚ್ಚಿದಳು.

"ಸರಿ, ಮುಗೀತಲ್ಲ," ಎಂದರು ಸಾಹೇಬರು.

"ಎಲ್ಲಿ ಮುಗೀತು ಸಾರ್? ಅದು ನಿಮ್ಮ ಕೇಸು. ನನ್ನ ಕೇಸು ಈಗ ಶುರು." ಆಕೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಈ ಕತೆಯಲ್ಲಿ ಒಬ್ಬ ಗಂಡಸಿದಾನೆ. ನನ್ನ ಚಪ್ಪಲಿ ಹೊಲಿಗೆವರೆಗೆ ಬರೆದಿದಾರೆ. ಅವನ ಬಗ್ಗೆ 'ಆತ' ಅನ್ನೋದು ಬಿಟ್ರೆ ಒಂದಕ್ಷರ ಇಲ್ಲ. ನನ್ನ ಜೊತೆ ಆ ಕೋಣೆಯಲ್ಲಿ ಇದ್ದೋನು ಯಾರು ಅಂತ ನನಗೂ ಗೊತ್ತಾಗಬೇಕಲ್ಲ? ಅವನು ಕಾಣೆಯಾಗಿದಾನೆ. ಹುಡುಕಿಕೊಡಿ."

"ಅಮ್ಮಾ, ಕತೆಯಲ್ಲಿರೋನನ್ನ ಹೇಗೆ..."

"ಕತೆಯಲ್ಲಿರೋ ಹೆಂಗಸನ್ನ ಹತ್ತು ದಿನ ಹುಡುಕಿದ್ರಲ್ಲ."

ದಾಖಲಾಗದ ದೂರು ಎಂದರೆ ಸಾಹೇಬರಿಗೆ ಮೊದಲೇ ಭಯ. "ಬರ್ಕೋ ರೈಟರ್. ಚಹರೆ ಹೇಳಿ ಅಮ್ಮಾ. ಎತ್ತರ?"

"ಎಷ್ಟಾದ್ರೂ ಇರಲಿ. ಕೂತಲ್ಲಿಂದ ಏಳಬೇಕು, ಅಷ್ಟೇ."

"ಮುಖ? ಕೋಲೋ, ದುಂಡೋ?"

"ನನ್ನ ಕಡೆಗಿರಬೇಕು."

"ಮೈಕಟ್ಟು?"

ಆಕೆ ಗಂಡನನ್ನು ಅಂಗಾಲಿನಿಂದ ನೆತ್ತಿಯವರೆಗೆ ಒಮ್ಮೆ ಅಳೆದಳು. "ಹೊಟ್ಟೆ ಇದ್ರೂ ನಡೆಯತ್ತೆ. ಕೈಗಳು ಖಾಲಿ ಇರಬೇಕು. ಪೆನ್ನು, ಪೇಪರು, ತಟ್ಟೆ ಹಿಡಿದಿರೋ ಕೈ ಬೇಡ."

"ಗುರುತಿನ ಚಿಹ್ನೆ?"

"ಏನಾದ್ರೂ ಕೇಳಿದ್ರೆ 'ಅಷ್ಟೇ' ಅನ್ನಲ್ಲ."

"ಕೊನೆಯದಾಗಿ ನೋಡಿದ್ದು ಯಾವಾಗ?"

"ಆರನೇ ಪುಟದಲ್ಲಿ."

ರೈಟರು ಒಂದಕ್ಷರ ಬಿಡದೆ ಬರೆದರು. ಪ್ರಕಟಣೆಯನ್ನು ಅವತ್ತೇ ಠಾಣೆಯ ಹೊರಗೋಡೆಗೆ ಅಂಟಿಸಿದರು. ಸಂಪಾದಕರು ಅದನ್ನು ಮೂರನೇ ಮುದ್ರಣದ ಕೊನೆಯ ಪುಟದಲ್ಲಿ ಹಾಕಿದರು, ನಂಬರು ದಪ್ಪಕ್ಷರದಲ್ಲಿ.

ಒಂದು ವಾರವಾಯಿತು. ಫೋನು ಸದ್ದು ಮಾಡಲಿಲ್ಲ. ನಲವತ್ತೊಂದು ಹೆಂಗಸರನ್ನು ಕಂಡುಹಿಡಿದ ಊರಿಗೆ ಈ ಒಬ್ಬ ಗಂಡಸು ಕಣ್ಣಿಗೆ ಬೀಳಲಿಲ್ಲ. ಸಾಹೇಬರು ಎರಡು ಸಲ ರಿಪೇರಿಯವನನ್ನು ಕರೆಸಿ ನೋಡಿಸಿದರು. ಲೈನು ಸರಿಯಾಗಿಯೇ ಇದೆ ಎಂದ.

ಎಂಟನೇ ದಿನ ಫೋನಿನ ಬದಲು ಜನ ಬಂದರು. ಬೆಳಗ್ಗೆ ಬಾಗಿಲು ತೆಗೆದಾಗ ಮೆಟ್ಟಿಲಿನಿಂದ ರಸ್ತೆಯ ತಿರುವಿನವರೆಗೆ ಹೆಂಗಸರ ಸಾಲು ನಿಂತಿತ್ತು. ಬ್ಯಾಂಕಿನ ಮೂರನೇ ಕೌಂಟರಿನವರಿದ್ದರು. ಹೆಡ್‌ಮಾಸ್ತರ ಹೆಂಡತಿ ಅದೇ ಕೊಡೆ ಹಿಡಿದು ನಿಂತಿದ್ದರು. ಎಲ್ಲರಿಗಿಂತ ಮುಂದೆ ನಿಂತಿದ್ದವರನ್ನು ಕಂಡು ರೈಟರು ಗಡಬಡಿಸಿ ಎದ್ದು ಸಲಾಮು ಹೊಡೆದರು. ಒಳಕೋಣೆಯಲ್ಲಿ ಸಾಹೇಬರು ಫೈಲಿನ ಹಿಂದೆ ಪೂರ್ತಿ ಇಳಿದರು.

"ಕೂತ್ಕೊಳ್ಳಿ ಅಮ್ಮಾವರೇ. ದೂರಾ? ಚಹರೆ ಹೇಳ್ತೀರಾ?" ಎಂದು ರೈಟರು ಹೊಸ ಹಾಳೆ ತೆಗೆದರು.

"ಹಾಳೆ ದಂಡ ಮಾಡಬೇಡಿ ರೈಟರೇ," ಎಂದರು ಸಾಹೇಬರ ಹೆಂಡತಿ, ಒಳಕೋಣೆಗೆ ಕೇಳುವಷ್ಟು ಜೋರಾಗಿ. "ಗೋಡೆ ಮೇಲೆ ಇದೆಯಲ್ಲ, ಅದರ ಕೆಳಗೇ 'ಮತ್ತೊಬ್ಬ' ಅಂತ ಸೇರಿಸಿ. ಚಹರೆ ಅದೇ."